ಯಾರೂ ಹೋಗದ ಸಭೆ

ಊರಿನ ಗೋಮಾಳದಲ್ಲಿ ನಾನೂರು ಮನೆಗಳ ಬಡಾವಣೆ ಬರಲಿತ್ತು. ಗ್ರಾಮಸ್ಥರ ಅಭಿಪ್ರಾಯ ಕೇಳಲು ಅಧಿಕಾರಿ ಶಾಲೆಯಲ್ಲಿ ಸಭೆ ಕರೆದರು.

"ನನ್ನ ಕುರಿ ಮೇಯೋಕೆ ಬ್ಯಾರೆ ಜಾಗ ಎಲ್ಲದೆ? ಹೋಗಿ ಬ್ಯಾಡ ಅಂತ ಹೇಳ್ಬುಟ್ಟು ಬತ್ತೀನಿ ಕಣಣ್ಣ," ಎಂದಳು ಚಿಕ್ಕತಾಯಮ್ಮ.

"ಸುಮ್ನಿರವ್ವ," ಎಂದರು ಊರ ಯಜಮಾನ ಮಾದಪ್ಪ. "ಬ್ಯಾಡದೋರ ಮನೆ ಊಟಕ್ಕೆ ಹೋಗಿದ್ದೀವಾ ಯಾವತ್ತಾರ? ಹೋದ್ರೆ ಒಪ್ಪಿದಂಗೆ. ಯಾರೂ ಹೋಗ್ಕೂಡ್ದು. ಹೋದೋರನ್ನ ಊರಿಂದ ಹೊರಗಿಡ್ತೀವಿ."

ಚಿಕ್ಕತಾಯಮ್ಮ ಶಾಲೆಯ ಗೇಟಿನವರೆಗೆ ಹೋಗಿ ಹಿಂದಿರುಗಿದಳು. ಅಧಿಕಾರಿ ಎರಡು ಗಂಟೆ ಖಾಲಿ ಕುರ್ಚಿಗಳ ಮುಂದೆ ಕುಳಿತಿದ್ದು ಜೀಪು ಹತ್ತಿದರು.

"ನೋಡ್ದಾ, ಹೆಂಗೆ ಓಡಿಸಿದ್ವಿ!" ಮಾದಪ್ಪ ನಕ್ಕರು.

ಮರುದಿನ ಶಾಲೆಯ ಗೋಡೆಗೆ ಸಭೆಯ ನಡಾವಳಿ ಅಂಟಿಸಿದ್ದರು: "ಯಾರಿಂದಲೂ ಆಕ್ಷೇಪಣೆ ಬಾರದ ಕಾರಣ, ಬಡಾವಣೆಗೆ ಇಡೀ ಗ್ರಾಮದ ಒಪ್ಪಿಗೆ ಇದೆ."