ಇನ್ನೂರು ಕಾಯಿಯ ಸದ್ದು

ಇದನ್ನು ಹೇಳುವುದು ಸರಿಯೋ ತಪ್ಪೋ ಎಂದು ಬಹಳ ದಿನ ಹಿಂಜರಿದದ್ದಾಯಿತು. ತೀರಿಹೋದ ಹುಡುಗಿಯ ವಿಷಯ, ಬದುಕಿರುವವರ ತಪ್ಪು ಎರಡೂ ಇದರಲ್ಲಿವೆ. ಹೆಚ್ಚುಕಡಿಮೆಯಾದರೆ ಓದಿದವರು ಕ್ಷಮಿಸಬೇಕು. ನಡೆದದ್ದು ಇಷ್ಟು: ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ದಯಾನಂದನ ಅಂಗಡಿಗೆ ಬಿಳಿಗೆರೆಯ ಮೀನಾಕ್ಷಮ್ಮ ಒಂದು ಸಿಪಿಯು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ತಂದರು.

“ನಮ್ಮ ಜೀವಿತಾದು ಕಣಪ್ಪ. ಡಿಪ್ಲೊಮಾ ಓದ್ತಿದ್ಲು. ಪರೀಕ್ಷೆಗೆ ಅಂತ ಇದ್ರಲ್ಲಿ ಒಂದು ಪ್ರೋಗ್ರಾಮ್ ಮಾಡಿದ್ಲು. ಎರಡು ವರ್ಷ ಆಯ್ತು, ಜ್ವರ ಬಂದು...” ಎಂದವರು ಅಲ್ಲಿಗೇ ನಿಲ್ಲಿಸಿದರು. “ಅದನ್ನೊಂದು ತೆಗೆದುಕೊಡು.”

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಆಗ ಒಡೆಯಬಹುದು. ಆ ಸದ್ದನ್ನು ಕಂಪ್ಯೂಟರಿಗೆ ಕಲಿಸುತ್ತೇನೆಂದು ಹುಡುಗಿ ಹೊರಟಿದ್ದಳು. ತಾಯಿ ಅಲ್ಲಾಡಿಸುವುದು, ಮಗಳು ಮೈಕ್ ಹಿಡಿಯುವುದು. ಹೀಗೆ ಇನ್ನೂರು ಕಾಯಿ.

“ಒಂದೊಂದು ಕಾಯಿಗೂ ‘ಅಲ್ಲಾಡ್ಸಮ್ಮ’ ಅನ್ನೋಳು. ನಾನು ‘ಇದು ಆಗೈತೆ, ಇದು ಆಗಿಲ್ಲ ಕಣೇ’ ಅಂತಿದ್ದೆ. ಒಂದ್ಸಲ ನಾನು ಆಗೈತೆ ಅಂದಿದ್ದು ಒಡೆದ್ರೆ ಬರೀ ಕೊಳೆತದ್ದು. ‘ನಿನಗಿಂತ ಮಿಷನ್ನೇ ವಾಸಿ ಬುಡಮ್ಮ’ ಅಂತ ನಕ್ಕಿದ್ದೇ ನಕ್ಕಿದ್ದು. ಆ ನಗೂನೂ ಅದ್ರೊಳಗೇ ಐತೆ.”

ಹುಡುಗಿಯ ಫೋನನ್ನು ಆಸ್ಪತ್ರೆಯಲ್ಲೇ ಯಾರೋ ಕದ್ದಿದ್ದರು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. “ಬೆಳಗ್ಗೆ ಮೊದಲ ಬಸ್ಸಿಗೇ ಬತ್ತೀನಿ” ಎಂದು ಮೀನಾಕ್ಷಮ್ಮ ಹೊರಟರು.

ಪ್ರೋಗ್ರಾಮ್ ಸಿಕ್ಕಿತು, ತೆರೆಯಲಿಲ್ಲ. ಎಷ್ಟು ಸಲ ಒತ್ತಿದರೂ ಫೈಲ್ ಹಾಳಾಗಿದೆ ಎಂಬ ಒಂದೇ ಸಾಲು. ಆದರೆ ಹೆಸರಿನ ಪಕ್ಕದಲ್ಲಿ ಅದರ ಗಾತ್ರ ಇನ್ನೂ ತೋರಿಸುತ್ತಿತ್ತು: ನಾನೂರ ಹನ್ನೆರಡು ಎಂಬಿ. ಇಂಥ ಹೊತ್ತಿನಲ್ಲಿ ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೈ ಆಡಿಸಬೇಕು. ಕಂಪ್ಯೂಟರ್ ರಿಪೇರಿಯ ಸಂಜೆ ಕ್ಲಾಸಿನಲ್ಲಿ ದಯಾನಂದ ಕಲಿತ ಮೊದಲನೇ ಪಾಠ ಅದು. ಖಾಲಿ ಡಿಸ್ಕ್ ತುಮಕೂರಿನಿಂದ ಬರಲು ಎರಡು ದಿನ ಬೇಕಿತ್ತು. ಬೆಳಗ್ಗೆಯೇ ಬರುವ ಆ ತಾಯಿಗೆ ‘ಇನ್ನೂ ಆಗಿಲ್ಲ’ ಅನ್ನುವುದು ಹೇಗೆಂದು ಅವನಿಗೆ ತೋಚಲಿಲ್ಲ. ಡಿಸ್ಕ್ ಸರಿಪಡಿಸುವ ಸಾಫ್ಟ್‌ವೇರ್ ಹಾಕಿ ಓಡಿಸಿಯೇಬಿಟ್ಟ. ಅರ್ಧ ದಾರಿಯಲ್ಲಿ ಡಿಸ್ಕ್ ಟಿಕ್ ಟಿಕ್ ಅನ್ನತೊಡಗಿತು. ಮುಗಿದ ಮೇಲೆ ನೋಡಿದರೆ ಹೆಸರು ಇತ್ತು, ಗಾತ್ರ ಸೊನ್ನೆ.

ಅವನ ಜೊತೆ ಕ್ಲಾಸಿಗೆ ಬರುತ್ತಿದ್ದ ಮಲ್ಲೇಶ್ ಈಗ ತುಮಕೂರಿನಲ್ಲಿ ಇದೇ ಕೆಲಸದಲ್ಲಿದ್ದಾನೆ. ದಯಾನಂದ ಅವನಿಗೆ ಫೋನ್ ಮಾಡಿದ.

“ನಕಲು ಮಾಡ್ಕಂಡಿದ್ಯೇನ್ಲಾ?”

“ಇಲ್ಲ ಕಣ್ಲಾ.”

“ಮುಂಚೇನೇ ಹೋಗಿತ್ತೋ, ನೀನು ಓಡ್ಸಿದ್ಮೇಲೆ ಹೋಯ್ತೋ, ಇನ್ನು ಯಾರೂ ಹೇಳಕ್ಕಾಗಲ್ಲ. ಬುಡು, ಮನಸ್ಸಿಗೆ ಹಚ್ಕಬ್ಯಾಡ” ಎಂದ ಮಲ್ಲೇಶ್.

ಮೀನಾಕ್ಷಮ್ಮ ಮೊದಲ ಬಸ್ಸಿಗೇ ಬಂದರು. ತೆರೆಯಲಿಲ್ಲ, ಇನ್ನು ತೆರೆಯುವುದೂ ಇಲ್ಲ ಎಂದು ದಯಾನಂದ ನೆಲ ನೋಡಿಕೊಂಡು ಹೇಳಿದ. ಅವರು ಸ್ಟೂಲಿನ ಮೇಲೆ ಕುಳಿತರು.

“ಒಂದು ಮಾತು ಕೇಳ್ತೀನಿ, ನಿಜ ಹೇಳಪ್ಪ. ಮಳೆಗಾಲದಲ್ಲಿ ಕೊಬ್ಬರಿ ಕೆಡಬಾರದು ಅಂತ ಅಟ್ಟದ ಕೆಳಗೆ ತೆಂಗಿನ ಮಟ್ಟೆ ಉರಿಸಿ ಹೊಗೆ ಹಾಕ್ತೀವಲ್ಲ. ಈ ಪೆಟ್ಟಿಗೆನೂ ತೇವ ಆಗ್ದಂಗಿರ್ಲಿ ಅಂತ ಅಲ್ಲೇ, ಕಾಯಿ ಪಕ್ಕದಲ್ಲೇ ಇಟ್ಟಿದ್ದೆ. ಎರಡು ಮಳೆಗಾಲ. ನಾನೇ ಕೆಡಿಸಿದ್ನಾ?”

ತನ್ನ ಕೈಯಿಂದಾದದ್ದನ್ನು ಹೇಳಬೇಕೆಂದು ದಯಾನಂದನ ಬಾಯಿ ತೆರೆಯಿತು. ಹೊರಗೆ ಬಂದದ್ದು ಬೇರೆ. “ಹೊಗೆಗೂ ಕೆಡ್ತಾವೆ ಅಮ್ಮ.”

ಅದು ಸುಳ್ಳೇನಲ್ಲ. ಮೀನಾಕ್ಷಮ್ಮ ತಲೆಯಾಡಿಸಿ ಎದ್ದರು. ಬಾಗಿಲ ಹತ್ತಿರ ತಿರುಗಿ ಅವನ ಮುಖ ನೋಡಿ, “ನೀನ್ಯಾಕಪ್ಪ ಕಣ್ಣಲ್ಲಿ ನೀರು ಹಾಕ್ತೀಯ? ನೀನೇನು ಮಾಡ್ದೆ?” ಎಂದು ಅವನಿಗೇ ಸಮಾಧಾನ ಹೇಳಿ ಹೋದರು.

ಹದಿನೈದು ದಿನ ದಯಾನಂದನಿಗೆ ಊಟ ರುಚಿಸಲಿಲ್ಲ. ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಬಿಳಿಗೆರೆಗೆ ಹೋದ. ಮೀನಾಕ್ಷಮ್ಮನ ಮನೆಯ ಹೊಸ್ತಿಲು ದಾಟುತ್ತಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಅಟ್ಟದ ತುಂಬ ಕಾಯಿ, ಕೆಳಗಿನ ನೆಲದಲ್ಲಿ ಹಿಡಿ ಬೂದಿಯೂ ಇಲ್ಲ.

“ಈ ವರ್ಷ ಹೊಗೆ ಹಾಕಿಲ್ಲ ಕಣಪ್ಪ” ಎಂದರು ಅವರು. “ಕಡ್ಡಿ ಗೀರಾಕೆ ಕೈ ಬರಲ್ಲ. ಅರ್ಧ ಕಾಯಿ ಆಗ್ಲೇ ಕೆಟ್ಟೋದ್ವು.”

“ಅಮ್ಮ, ಹೊಗೆಯಿಂದ ಅಲ್ಲದೇನೂ ಇರಬೌದು. ನಕಲು ಮಾಡ್ಕಳ್ದೆ ಕೈ ಹಾಕ್ಬುಟ್ಟೆ ನಾನು. ನನ್ನಿಂದ್ಲೇ ಹೋಗಿರಬೌದು.”

“ಇರಬೌದು ಅಂದ್ರೆ? ನಿಂಗೂ ಗೊತ್ತಿಲ್ವಾ?”

“ಗೊತ್ತಿಲ್ಲಮ್ಮ.”

ಅವರು ಬೈಯಲಿಲ್ಲ, ಅಳಲಿಲ್ಲ. ಸೂರಿನಿಂದ ಬೀಳುವ ನೀರನ್ನೇ ನೋಡುತ್ತ, “ಹಂಗಾದ್ರೆ ಇಬ್ರೂ ಹೊತ್ಕಳಾನ ಬುಡು” ಎಂದರು.

ಆ ಫೈಲನ್ನು ಕೆಡಿಸಿದ್ದು ಹೊಗೆಯೋ ದಯಾನಂದನ ಕೈಯೋ, ಇವತ್ತಿಗೂ ತಿಳಿದಿಲ್ಲ. ಅವನು ಬಸ್ಸು ಹತ್ತಿದ ಮೇಲೆ ಮೀನಾಕ್ಷಮ್ಮ ಅಟ್ಟದ ಕೆಳಗೆ ಬೆಂಕಿ ಹಾಕಿದರೋ ಇಲ್ಲವೋ, ಅದೂ ಗೊತ್ತಿಲ್ಲ.