ಗೂಳಪ್ಪನ ಎದುರಿನ ಮನೆ

"ಬಾವಿ ಎಷ್ಟು ಆಳ ಐತ್ರಿ?"

ಮುತ್ತವ್ವ ಬಗ್ಗಿ ನೋಡುತ್ತ ಕೇಳಿದಳು. ಮನೆಯೊಡತಿ ಶಿವಗಂಗವ್ವ ತಟ್ಟನೆ ಅವಳ ಬಳಿ ಸರಿದಳು. ಬಾಡಿಗೆಗೆ ಮನೆ ನೋಡಲು ಬಂದವರು ನೀರು ಸಿಹಿಯೋ ಸವುಳೋ ಎಂದು ಕೇಳುತ್ತಾರೆ. ಆಳ ಕೇಳುವವರ ಮನಸ್ಸಿನಲ್ಲಿ ಬೇರೆಯೇ ಇರುತ್ತದೆ.

"ಆಳ ಯಾಕ ಬೇಕವ್ವಾ ನಿನಗ?"

"ಕಟ್ಟಿ ಗಿಡ್ಡ ಐತ್ರಿ. ಮ್ಯಾಲೆ ಒಂದು ಹಲಗಿ ಮುಚ್ಚಿದರ ನಡೀತೈತೇನು?"

ಎಲ್ಲಿ ಹಾರಿಬಿಡುತ್ತೇನೋ ಎಂದು ತನ್ನ ಮೇಲೆ ತನಗೇ ನಂಬಿಕೆ ಇಲ್ಲದವಳು, ಎಂದುಕೊಂಡಳು ಶಿವಗಂಗವ್ವ. ಮುತ್ತವ್ವನ ಕೊರಳಲ್ಲಿ ತಾಳಿ ಇತ್ತು. ಬಿಟ್ಟು ಕಳಿಸಿದವನ ತಾಳಿಯನ್ನು ಇನ್ನೂ ಹೊತ್ತುಕೊಂಡು ತಿರುಗುತ್ತಾಳಲ್ಲ ಎಂದು ಶಿವಗಂಗವ್ವ ಮರುಗಿದಳು.

ಮನೆ ತೋರಿಸಲು ಕರೆತಂದಿದ್ದ ಅಂದಾನೆಪ್ಪ ರುಮಾಲಿನಿಂದ ಬೆವರು ಒರೆಸಿಕೊಂಡ. ಬೆಳಗಿನಿಂದ ಜಮಖಂಡಿಯ ಓಣಿ ಓಣಿಯನ್ನೂ ಮುತ್ತವ್ವ ಅವನಿಂದ ಸುತ್ತಿಸಿದ್ದಳು. ಪೇಟೆಯ ಮಾಳಿಗೆ ಮನೆಯ ಮೆಟ್ಟಿಲು ಕಡಿದು ಎಂದು ಬೇಡವೆಂದಳು. ಟಾಂಗಾ ನಿಲ್ಲುವ ಕಡೆಯದಕ್ಕೆ ಕುದುರೆಗಳ ಕಾಟ ಎಂದಳು. ಇನ್ನೊಂದಕ್ಕೆ ಅಂಗಳವೇ ಇಲ್ಲ.

"ಸಂಸ್ಥಾನದ ಸರಕಾರರು ಅರಮನಿನೇ ಬಿಟ್ಟುಕೊಟ್ಟರೂ ಈಕಿ ಒಲ್ಲೆ ಅಂತಾಳ್ರಿ ಅಕ್ಕಾರ," ಎಂದ. "ಹಳ್ಳಿಯಾಗ ಇದ್ದು ಬಂದಾಕಿಗೆ ಇಷ್ಟು ದಿಮಾಕು."

"ಹಳ್ಳಿಯಾಗ ಇದ್ದದ್ದಕ್ಕ ಅಂಗಳ ಕೇಳಾಕತ್ತೇನಿ, ಅಂದಾನೆಪ್ಪಣ್ಣ," ಎಂದಳು ಮುತ್ತವ್ವ. ನಗಲಿಲ್ಲ.

ಅವಳು ಈ ಓಣಿಗೆ ಹೊಸಬಳಲ್ಲ. ಎದುರಿನ ದೊಡ್ಡ ಮನೆಗೆ, ಬಟ್ಟೆ ವ್ಯಾಪಾರದ ಗೂಳಪ್ಪನಿಗೆ ಹೆಂಡತಿಯಾಗಿ ಬಂದವಳು. ಐದಾರು ವರ್ಷ ಕಾದು, ಬಸಿರಾಗಲಿಲ್ಲವೆಂದು ಗೂಳಪ್ಪ ಪಂಚರನ್ನು ಕೂಡಿಸಿ ಅವಳನ್ನು ಬಿಟ್ಟುಬಿಟ್ಟ. ಅವಳು ಹೊಳೆ ದಾಟಿ ಬ್ರಿಟಿಷರ ಮುಲುಕಿನಲ್ಲಿದ್ದ ತವರಿಗೆ ಹೋದಳು. ಆಮೇಲೆ ಹನ್ನೆರಡು ವರ್ಷ ಸುದ್ದಿಯಿಲ್ಲ. ಗಂಡ ಬಿಟ್ಟವಳು ಉಡಿಕಿ, ಅಂದರೆ ಹೊಸ ಸೀರೆ ಉಟ್ಟು ಮರುಮದುವೆ, ಮಾಡಿಕೊಂಡು ಇನ್ನೊಬ್ಬನ ಮನೆ ಸೇರುವ ರೂಢಿ ಈ ಸೀಮೆಯಲ್ಲಿ ಇತ್ತು. ಆದರೆ ಬಂಜೆ ಎಂದು ಬಿಟ್ಟವಳಿಗೆ ಯಾವನು ಸೀರೆ ಉಡಿಸುತ್ತಾನೆ ಎಂದು ಓಣಿ ಆ ಮಾತನ್ನು ಅಲ್ಲಿಗೇ ಮುಗಿಸಿತ್ತು.

ಗೂಳಪ್ಪ ಆಮೇಲೆ ಎರಡು ಮದುವೆಯಾದ. ತೊಟ್ಟಿಲು ತೂಗಲಿಲ್ಲ. ಅದು ಮುತ್ತವ್ವನ ಶಾಪ ಎಂದಿತು ಓಣಿ. ಅವನೂ ಹಾಗೇ ನಂಬಿದ.

ಹಿತ್ತಲ ಗೋಡೆಯಾಚೆ, ಮುತ್ತವ್ವ ಊರು ಬಿಟ್ಟ ಮೇಲೆ ಕಟ್ಟಿದ ಶಾಲೆಯ ಗಂಟೆ ಬಾರಿಸಿತು. ಹುಡುಗರ ಗದ್ದಲ ಒಮ್ಮೆಲೇ ಎದ್ದಿತು. ಮುತ್ತವ್ವ ನಿಂತು ಕೇಳಿದಳು. ಮುಖ ಅರಳಿತು.

"ಸಾಲಿ ಇಷ್ಟು ಹತ್ರ ಐತೇನ್ರಿ?"

ಶಿವಗಂಗವ್ವ ಮುಖ ತಿರುಗಿಸಿಕೊಂಡಳು. ಪಾಪ, ಕೇಳಿಯಾದರೂ ಜೀವ ತಣ್ಣಗಾಗಲಿ.

"ಎರಡೂ ಖೋಲಿ ಬೇಕ್ರಿ. ಪಡಸಾಲಿನೂ ಬೇಕು," ಎಂದಳು ಮುತ್ತವ್ವ. ಯಾರಿಗೆ, ಎಷ್ಟು ಜನಕ್ಕೆ ಎಂದು ಶಿವಗಂಗವ್ವ ಕೇಳಲಿಲ್ಲ. ಗಂಡ ಬಿಟ್ಟವಳನ್ನು ಹಾಗೆ ಕೇಳುವುದು ಹುಣ್ಣಿಗೆ ಕೈ ಹಾಕಿದಂತೆ.

ಅಷ್ಟರಲ್ಲಿ ಗೂಳಪ್ಪನೇ ಓಣಿ ದಾಟಿ ಬಂದು ಹೊಸ್ತಿಲಲ್ಲಿ ನಿಂತ. ಮುತ್ತವ್ವನ ಕಡೆ ನೋಡಲೇ ಇಲ್ಲ.

"ಶಿವಗಂಗವ್ವ, ನಿನ್ನ ಬಸರಿ ಮಗಳು ಬಾಣಂತನಕ್ಕ ಬಂದಾಳ. ಅಂಥಾದರಾಗ ಬಂಜಿಗೆ ಬಾಗಿಲಾ ತಗೀತೀಯೇನು? ನಾಳೆ ನಿನ್ನ ಮನ್ಯಾಗ ಓಣಿ ಮಂದಿ ನೀರು ಸೈತ ಕುಡಿಯಾಂಗಿಲ್ಲ."

"ನನ್ನ ಶಾಪಕ್ಕ ಅಷ್ಟು ಕಸುವು ಇದ್ದಿದ್ದರ, ಗೂಳಪ್ಪ, ಇಲ್ಲೀತನ ಬರೂದು ಯಾಕ ಬೇಕಿತ್ತು? ಹೊಳಿಯಾಚೆ ಕುಂತಲ್ಲೇ ಮುಗಸತಿದ್ದೆ," ಎಂದಳು ಮುತ್ತವ್ವ.

ಅಂದಾನೆಪ್ಪ ಕೆಮ್ಮಿದಂತೆ ಮಾಡಿ ನಗು ನುಂಗಿದ.

"ಊರಾಗ ಬೇರೆ ಮನಿ ಇರಲಿಲ್ಲೇನು ನಿನಗ?" ಗೂಳಪ್ಪನ ದನಿ ಏರಿತು.

"ಇದ್ದೂವು. ಇದು ಛಲೋ ಐತಿ. ಎದುರಿಗೆ ಯಾರದಾರ ಅಂತ ನೋಡಿ ಛಲೋ ಮನಿ ಯಾಕ ಬಿಡಲಿ? ಅಂದು ಹೋಗಂದಾಗ ಹೋದೆ. ಇನ್ನ ನಿನ್ನ ಕೇಳಿ ಬರೂದು ಹೋಗೂದು ಇಲ್ಲ."

ಗೂಳಪ್ಪ ಶಿವಗಂಗವ್ವನ ಮುಖ ನೋಡಿದ. ಅಂದಾನೆಪ್ಪನೂ ನೋಡಿದ. ಒಳಬಾಗಿಲಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು.

ಶಿವಗಂಗವ್ವನಿಗೆ ಹೆದರಿಕೆಯಾಗಲಿಲ್ಲ ಎಂದಲ್ಲ. ಚೊಚ್ಚಲ ಹೆರಿಗೆ. ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಓಣಿಯೆಲ್ಲ ತನ್ನತ್ತಲೇ ಬೆರಳು ತೋರಿಸುತ್ತದೆ. ಆದರೆ ಗಂಡ ತೀರಿದ ದಿನದಿಂದ ತಾನು ಯಾವ ಬಣ್ಣ ಉಡಬೇಕು, ಯಾರ ಮದುವೆಯಲ್ಲಿ ಎಲ್ಲಿ ಕೂಡಬೇಕು ಎಂದು ಹೇಳುತ್ತ ಬಂದದ್ದೂ ಇದೇ ಗೂಳಪ್ಪ, ಇದೇ ಹೊಸ್ತಿಲಲ್ಲಿ ನಿಂತು. ಪ್ರತಿಸಲವೂ ತಲೆ ಆಡಿಸಿದ್ದಳು. ಇವತ್ತು ಯಾಕೋ ತಲೆ ಆಡಲಿಲ್ಲ.

"ಗೂಳಪ್ಪಾ, ನೀರು ಕುಡಿಯದವರು ತಮ್ಮ ಮನ್ಯಾಗ ಕುಡೀಲಿ," ಎಂದಳು. "ಮನಿ ನಂದು." ಸೊಂಟದಿಂದ ಬಾಡಿಗೆಯ ಖೋಲಿಗಳ ಕೀಲಿ ಬಿಚ್ಚಿ ಮುತ್ತವ್ವನ ಕೈಗಿಟ್ಟಳು. "ಸೋಮವಾರ ಬಾರವ್ವ. ದಿನ ಛಲೋ ಐತಿ."

ಮುತ್ತವ್ವ ಬಗ್ಗಿ ಅವಳ ಕಾಲು ಮುಟ್ಟಿದಳು. ಅಷ್ಟು ಹೊತ್ತು ಒಣಗಿದ್ದ ಕಣ್ಣು ಆಗ ತುಂಬಿತು.

ಸೋಮವಾರ ಹೊತ್ತು ಏರುವಾಗ ಚಕ್ಕಡಿಯೊಂದು ಓಣಿಯೊಳಗೆ ತಿರುಗಿತು. ಮೇಲೆ ಕಮಾನು ಕಟ್ಟಿತ್ತು, ಹಿಂದೆ ಪರದೆ ಇಳಿಬಿಟ್ಟಿತ್ತು. ಹೆಂಗಸರು ಬಾಗಿಲಿಗೆ ಬಂದರು. ಗೂಳಪ್ಪ ಜೋಕಾಲಿ ನಿಲ್ಲಿಸಿ ಎದ್ದ. ಅವನ ಬೆನ್ನ ಹಿಂದೆ ಇಬ್ಬರು ಹೆಂಡಿರೂ ಇಣುಕಿದರು. ಮುತ್ತವ್ವ ಮುಂದೆ ಕುಳಿತಿದ್ದಳು. ಪಕ್ಕದಲ್ಲಿ ಎತ್ತು ಹೊಡೆಯುತ್ತಿದ್ದವನು ಅಗಲ ಎದೆಯ, ನೆರೆತ ಮೀಸೆಯ ಗಂಡಸು.

"ಆಳನ್ನ ಕರಕೊಂಡು ಬಂದದ್ದು ಛಲೋ ಆತು ನೋಡು. ಸಾಮಾನು ಇಳಸಾಕ ಆಸರ ಆತು," ಎಂದಳು ಶಿವಗಂಗವ್ವ.

"ಆಳಲ್ರಿ ಅಕ್ಕಾರ. ನಮ್ಮ ಮನಿಯವರು." ಮುತ್ತವ್ವ ಎದುರು ಮನೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಇಲ್ಲಿಂದ ಹೋದ ಮರುವರ್ಷನೇ ಉಡಿಕಿ ಆತ್ರಿ."

ಶಿವಗಂಗವ್ವ ಸೆರಗನ್ನು ಬಾಯಿಗೆ ಹಿಡಿದಳು.

"ಅವ್ವಾ, ನಮ್ಮ ಮನಿ ಯಾವುದು?" ಎನ್ನುತ್ತ ಪರದೆ ಸರಿಸಿಕೊಂಡು, ಒಂದರ ಬೆನ್ನಿಗೊಂದು, ಐದು ಮಕ್ಕಳು ಓಣಿಗೆ ಧುಮುಕಿದವು.