ಗುರುವಾರದ ಗುರುತು

“ಮೇಲೆ ಸಿಗ್ನಲ್ ಸಿಕ್ಕತ್ತಾ?” ಸುಗುಣ ಎರಡನೇ ಸಲ ಕೇಳಿದಳು.

“ಜಿಪಿಎಸ್ಸಿಗೆ ಸಿಗ್ನಲ್ ಬ್ಯಾಡ ಅತ್ತೆ.”

“ಅದ್ಕಲ್ಲ ಮಾರಾಯ, ಫೋನಿಗೆ.”

“ಮೇಲೆ ಇಲ್ಲ. ಇಳಿಯುವಲ್ಲಿ ಒಂದ್ ತಿರುವಿತ್ತ್, ಅಲ್ಲಿ ಸಿಕ್ಕತ್ತ್.”

ನಾಲ್ಕು ಚಕ್ರದ ಬೈಕು ವಂಡ್ಸೆಯ ಆಚೆ ಗುಡ್ಡದ ಹಾಡಿಯ ಮರಗಳೊಳಗೆ ನುಗ್ಗಿತ್ತು. ಒಂದು ಕೈಯಲ್ಲಿ ಸೋದರಳಿಯ ರತನ್‌ನ ಭುಜ, ಇನ್ನೊಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್. ಗಂಡನನ್ನು ಇನ್ನೊಬ್ಬಳ ಜೊತೆ ಹಿಡಿಯಲು ಹೊರಟವಳಿಗೆ ಟಿಫಿನ್ ಯಾಕೆ ಎಂದು ರತನ್ ಕೇಳಲಿಲ್ಲ. ಇವತ್ತು ಇಡೀ ದಿನ ಕಾಯುವವಳೇ ಸೈ ಎಂದುಕೊಂಡ.

ತಪ್ಪೆಲ್ಲ ಅವನದೇ. ಬೈಂದೂರಿನ ಬದಿಯಲ್ಲಿ ಪ್ರವಾಸಿಗರಿಗೆ ಗುಡ್ಡದ ಸವಾರಿ ಮಾಡಿಸುವುದು ಅವನ ಕೆಲಸ. ಗುಡ್ಡದ ಮೇಲೆ ಫೋನಿನ ನಕ್ಷೆ ಕೈಕೊಡುತ್ತದೆ, ಹಾಗಾಗಿ ಪ್ರತಿ ಬೈಕಿಗೂ ಅಂಗೈಯಗಲದ ಒಂದು ಜಿಪಿಎಸ್ ಬೇಕು. ಮಾವ ಬಚ್ಚ ತನ್ನ ದೋಣಿಯ ಹಳೆಯದನ್ನು ಹೋದ ಭಾನುವಾರ ಕೊಟ್ಟಿದ್ದ. ಅದರಲ್ಲಿದ್ದ ಗುರುತುಗಳೆಲ್ಲ ಸಮುದ್ರದವು. ಒಂದು ಮಾತ್ರ ನೆಲದ ಮೇಲಿತ್ತು, ಈ ಗುಡ್ಡದಲ್ಲಿ. ಹೆಸರು: ವನಜ, ಗುರುವಾರ.

ವನಜ ಅದೇ ಬಂದರಿನ ಇನ್ನೊಬ್ಬ ದೋಣಿಯವ ಚೆನ್ನಯ್ಯನ ಹೆಂಡತಿ. ಗುರುವಾರ ಗುರುವಾರ ವಂಡ್ಸೆಗೆ ಮೀನು ಮಾರಲು ಬರುವವಳು. ರತನ್ ಯೋಚನೆ ಮಾಡದೆ ಅದನ್ನು ಅತ್ತೆಗೆ ತೋರಿಸಿಬಿಟ್ಟಿದ್ದ. ಅವಳು ಅಳಲಿಲ್ಲ, ಬೈಯಲಿಲ್ಲ. “ಗುರುವಾರ ನನ್ನ ಕರ್ಕಂಡ್ ಹೋಗ್” ಎಂದಳು, ಅಷ್ಟೆ. ಮೂವತ್ತು ವರ್ಷದ ಸಂಸಾರ ತನ್ನ ಬಾಯಿಯಿಂದ ಮುರಿಯಿತಲ್ಲ ಎಂದು ರತನ್‌ಗೆ ಮೂರು ದಿನ ಅನ್ನ ಸೇರಲಿಲ್ಲ.

ಮಾವನ ಬಗ್ಗೆ ಅವನಿಗೆ ಆಶ್ಚರ್ಯವೂ ಇತ್ತು. ಸಮುದ್ರದಲ್ಲಿ ಬಚ್ಚನಿಗೆ ಮಾತ್ರ ಗೊತ್ತಿರುವ ಒಂದು ಕಲ್ಲಿದೆ. ನೀರಿನಡಿಯ ಬಂಡೆ, ಸುತ್ತ ಬೆಲೆಬಾಳುವ ಮುರು ಮೀನು. ಆ ಕುಟುಂಬ ಉಂಡು ಬೆಳೆದದ್ದು ಅದರಿಂದ. ಅಂಥ ಕಲ್ಲಿನ ಜಾಗವನ್ನು ದೋಣಿಯವರು ಯಾರಿಗೂ ಹೇಳುವುದಿಲ್ಲ. ಚೆನ್ನಯ್ಯನಂತೂ ಸ್ವಂತ ಬುದ್ಧಿಯಿಂದ ಮೀನು ಹುಡುಕಿದವನಲ್ಲ. ಬಚ್ಚನ ದೋಣಿಯ ಹಿಂದೆ ದೋಣಿ ಬಿಡುವುದೇ ಅವನ ಕಸುಬು. ಅವನ ಕಾಟಕ್ಕೆ ಬಚ್ಚ ವರ್ಷಗಟ್ಟಲೆ ಕಲ್ಲಿನ ಹತ್ತಿರ ಸುಳಿದಿರಲಿಲ್ಲ.

ಜಿಪಿಎಸ್‌ನಲ್ಲಿ ಆ ಕಲ್ಲಿನ ಗುರುತು ಇರಲಿಲ್ಲ. ಕಲ್ಲನ್ನು ನೆನಪಿಟ್ಟು ಅಳಿಸಿದವನು ಹೆಂಗಸನ್ನು ಅಳಿಸಲು ಮರೆತಿದ್ದ. ಮರೆವು ಹೊಸದೇನಲ್ಲ. ಒಂದೂವರೆ ತಿಂಗಳ ಹಿಂದೆ ಇದೇ ಜಿಪಿಎಸ್ಸನ್ನು ಚೆನ್ನಯ್ಯನ ದೋಣಿಯಲ್ಲೇ ಬಿಟ್ಟು ಬಂದು, ಎರಡು ದಿನ ಕಳೆದು ವಾಪಸ್ ತಂದಿದ್ದ. ಪ್ರಾಯ ಆಯಿತು ಎಂದು ಬಂದರಿನಲ್ಲಿ ಎಲ್ಲರೂ ನಕ್ಕಿದ್ದರು.

ಇವತ್ತು ಬೆಳಿಗ್ಗೆ ಸೇತುವೆಯ ಮೇಲಿಂದ ನೋಡಿದಾಗ ಹೆಚ್ಚಿನ ದೋಣಿಗಳು ಅಳಿವೆ ದಾಟಿ ಹೋಗಿದ್ದವು. ಬಚ್ಚ ಒಬ್ಬನೇ ದಡದಲ್ಲಿ ಕೂತು ಬೀಡಿ ಸೇದುತ್ತಿದ್ದ.

“ಕಾಣ್,” ಎಂದಿದ್ದಳು ಸುಗುಣ. “ಗುರುವಾರ ಅಂದ್ರೆ ಹಿಂಗೇ.”

ಜಿಪಿಎಸ್‌ನ ಬಾಣ ಎಡಕ್ಕೆ ಹೊರಳಿತು. ನಾನೂರು ಮೀಟರ್. ನೂರು. ಇಪ್ಪತ್ತು. ಬೈಕು ಗೇರುಮರಗಳ ನಡುವಿನ ಬೋಳು ಕೆಂಪು ಕಲ್ಲಿನ ಮೇಲೆ ನಿಂತಿತು. ಮನೆಯಿಲ್ಲ, ಗುಡಿಸಲಿಲ್ಲ. ಮರದಡಿಯಲ್ಲಿ ಒಬ್ಬ ಗಂಡಸು ಕತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಚೆನ್ನಯ್ಯ.

ರತನ್ ಎಂಜಿನ್ ಆರಿಸಲಿಲ್ಲ. ಸುಗುಣ ನಿಧಾನಕ್ಕೆ ಇಳಿದು ಸೆರಗು ಸರಿ ಮಾಡಿಕೊಂಡಳು.

“ಸುಗುಣಕ್ಕ, ಆ ಜಿಪಿಎಸ್ಸಿನ ಗುರ್ತ್ ನಿಮ್ಗೂ ಗೊತ್ತಾಯ್ತಾ?” ಎಂದ ಚೆನ್ನಯ್ಯ.

“ಗೊತ್ತಾಯ್ತ್ ಚೆನ್ನಯ್ಯಣ್ಣ.”

“ಇವತ್ತಿಗೆ ಐದ್ ಗುರುವಾರ ಆಯ್ತ್ ನಾನಿಲ್ಲಿ ಕೂಕಂಡ್. ಒಂದ್ ನರಪಿಳ್ಳೆ ಬಂದಿಲ್ಲ. ಹೋದ್ ವಾರ ಹಸಿವ್ ತಡುಕಾಗ್ದೆ ಮಧ್ಯಾಹ್ನಕ್ಕೇ ಇಳ್ದೆ. ಎಲ್ಲಾ ಸುಳ್ಳೇನೋ. ಇನ್ ಗುರುವಾರನೂ ದೋಣಿ ಬಿಡುದೇ ಚಂದ ಅಂದ್ ಕಾಂತತ್.”

ಸುಗುಣ ತಟ್ಟನೆ ಅಳತೊಡಗಿದಳು. ಮೂರು ದಿನದಿಂದ ಕಾಣದ ಕಣ್ಣೀರು ಒಮ್ಮೆಲೇ ಬಂದಿತ್ತು.

“ಸುಳ್ಳಲ್ಲ ಅಣ್ಣ. ನಮ್ಮನಿಯರ್ ಗುರುವಾರ ದೋಣಿ ಬಿಡ್ದೆ ಕೂಕಂತ್ರ್, ನೀವೇ ಕಂಡಿದ್ರಿ ಅಲ್ದಾ? ಬಪ್ಪುದ್ ಸಂಜಿಗೆ. ಕತ್ತಲಾಪ ಹೊತ್ತಿಗೆ.”

ಚೆನ್ನಯ್ಯ ಕತ್ತಿಯ ಹಿಡಿ ಸವರಿದ. “ಅದ್ಕೇ ಸೈ. ಶುಕ್ರವಾರ ನಮ್ಮವ್ಳ್ ಬುಟ್ಟಿ ತುಂಬ ಮುರು ಮೀನ್. ನಾನಂತೂ ಹಿಡ್ದದ್ದಲ್ಲ. ಯಾರ್ ಕೊಡುದ್ ಹೇಳಿ?”

“ನನ್ನ ಹತ್ರ ಹೇಳ್ಸಬೇಡಿ ಅಣ್ಣ.” ಸುಗುಣ ಮೂಗು ಒರೆಸಿ ಟಿಫಿನ್ ಅವನ ಮುಂದಿಟ್ಟಳು. “ಕಡುಬಿತ್ತ್, ಮಧ್ಯಾಹ್ನಕ್ಕೆ ಅನ್ನವೂ ಇತ್ತ್. ನಂಗೆ ಕೂಕಂಬ ಧೈರ್ಯ ಇಲ್ಲ. ನೀವ್ ಮಾತ್ರ ಏಳ್ಬೇಡಿ. ಬಪ್ಪು ವಾರನೂ ಕಳ್ಸಿ ಕೊಡ್ತೆ.”

“ಏಳುದಿಲ್ಲ,” ಎಂದ ಚೆನ್ನಯ್ಯ. ಹೊಟ್ಟೆಯೂ ರೋಷವೂ ಒಟ್ಟಿಗೆ ತುಂಬುವ ಲಕ್ಷಣ ಕಂಡು ಅವನ ಮುಖಕ್ಕೆ ಕಳೆ ಬಂದಿತ್ತು.

ಬೈಕು ಗುಡ್ಡ ಇಳಿಯತೊಡಗಿತು. ಮಾವನಿಗೆ ಓಡಿಹೋಗಲು ಹೇಳಬೇಕೋ, ಪೊಲೀಸರಿಗೆ ಹೇಳಬೇಕೋ ಎಂದು ರತನ್ ಲೆಕ್ಕ ಹಾಕುತ್ತಿದ್ದ. ತಿರುವಿನಲ್ಲಿ ಸುಗುಣ ಅವನ ಬೆನ್ನು ತಟ್ಟಿ ನಿಲ್ಲಿಸಿದಳು. ಕಣ್ಣೊರೆಸಿ, ಸಿಗ್ನಲ್ ನೋಡಿ, ಗಂಡನಿಗೆ ಫೋನು ಹಚ್ಚಿದಳು.

“ಹ್ವಾಯ್, ಅವ್ರ್ ಸಂಜಿವರಿಗೂ ಏಳುದಿಲ್ಲ, ನೀವ್ ನಿಶ್ಚಿಂತಿಯಂಗೆ ಕಲ್ಲಿಗೆ ಹೋಯ್ನಿ; ವನಜಕ್ಕನ ಪಾಲ್ ಮಾತ್ರ ಮರೀಬೇಡಿ, ಈ ಉಪಾಯ ಅವ್ಳದ್ದೇ ಅಲ್ದಾ.”